ಬೆಂಚಾದ ಹಲಗೆ

ನಾನು ಒಂದು ತೇಗದ ಹಲಗೆ. ಗದಗ ಕಡೆಯ ಪುಟ್ಟ ಊರೊಂದರಲ್ಲಿ ಕ್ರೈಸ್ತ ದೇವಾಲಯ ಕಟ್ಟುವಾಗ ಉಳಿದ ತೊಲೆಯನ್ನು ಸೀಳಿ ಬಡಿಗ ನನ್ನನ್ನು ಮಾಡಿದ. ಗೇಣುದ್ದದ ಗಿಡ್ಡ ಕಾಲು ಹಚ್ಚಿ ಬಲಿಪೀಠದ ಮುಂದೆ ಇಟ್ಟರು. ಕರ್ತನ ಭೋಜನದ ಭಾನುವಾರ ಸಭೆಯವರು ಸಾಲಾಗಿ ಬಂದು, ನನ್ನ ಮೇಲೆ ಮೊಣಕಾಲೂರಿ, ರೊಟ್ಟಿಯನ್ನೂ ಪಾತ್ರೆಯ ದ್ರಾಕ್ಷಾರಸವನ್ನೂ ತೆಗೆದುಕೊಳ್ಳುತ್ತಿದ್ದರು. ಅದೇ ನನ್ನ ಉದ್ಯೋಗ.

ಹೀಗಾಗಿ ನಾನು ಜನರ ಮುಖ ನೋಡಿದ್ದು ಕಡಿಮೆ. ಮೊಣಕಾಲಿನಿಂದಲೇ ಇಂಥವರೆಂದು ಗುರುತು ಹಿಡಿಯುತ್ತಿದ್ದೆ. ಹೊಸದಾಗಿ ಮದುವೆಯಾದವರು ಒತ್ತಿಕೊಂಡು ಮೊಣಕಾಲೂರುತ್ತಿದ್ದರು. ಮನೆಯಲ್ಲಿ ಜಗಳವಾಡಿ ಬಂದವರ ನಡುವೆ ಇನ್ನೊಬ್ಬರು ಹಿಡಿಸುವಷ್ಟು ಜಾಗ ಇರುತ್ತಿತ್ತು. ಬೆಂಚುಗಳನ್ನು ಕಂಡರೆ ನನಗೆ ಸಸಾರ. ಅವುಗಳ ಮೇಲೆ ಜನ ಪಾದ್ರಿ ಅಯ್ಯನವರ ಪ್ರಸಂಗ ಕೇಳುತ್ತ ತೂಕಡಿಸುತ್ತಾರೆ. ನನ್ನ ಮೇಲೆ ಯಾರೂ ತೂಕಡಿಸಿದ್ದಿಲ್ಲ.

ನನ್ನ ಮೇಲೆ ನನಗಿಂತಲೂ ಹೆಚ್ಚು ಅಭಿಮಾನವಿದ್ದವರು ಸಭೆಯ ಹಿರಿಯರಾದ ದಾನಿಯೇಲಪ್ಪ. ಯಾವಾಗಲೂ ಮೊದಲ ಸಾಲಿನಲ್ಲೇ ಬಂದು, ಧೋತರದ ಚುಂಗಿನಿಂದ ನನ್ನ ಧೂಳು ಒರೆಸಿ, ಆಮೇಲೆ ಮೊಣಕಾಲೂರುತ್ತಿದ್ದರು. ಶಿಸ್ತೆಂದರೆ ಅವರಿಗೆ ಪ್ರಾಣ. ಒಮ್ಮೆ ಮಗ್ಗದ ಕೆಲಸ ಮಾಡುವ ರಾಹೇಲವ್ವ, ಬಾತ ಕಾಲು ಮಡಚಲಾಗದೆ, ನಿಂತೇ ಕೈ ಚಾಚಿದಳು. ದಾನಿಯೇಲಪ್ಪ ಸುಮ್ಮನಿರಲಿಲ್ಲ.

"ಮೊಣಕಾಲ ಊರದವ್ರಿಗೆ ಪಾತ್ರೆ ಇಲ್ಲ. ಕಾಲು ನೆಟ್ಟಗಾದ ಮ್ಯಾಲ ಬಾರವ್ವಾ," ಎಂದುಬಿಟ್ಟರು.

ಆಗಿನ ಅಯ್ಯನವರು ಪಾತ್ರೆಯನ್ನು ಪಕ್ಕದವರತ್ತ ಚಾಚಿದರು. ರಾಹೇಲವ್ವ ಸೆರಗನ್ನು ಬಾಯಿಗೊತ್ತಿಕೊಂಡು ಹೋಗಿ ಕಡೆಯ ಬೆಂಚಿನಲ್ಲಿ ಕುಳಿತಳು. ಆಮೇಲೂ ಆಕೆ ಆರಾಧನೆ ತಪ್ಪಿಸಲಿಲ್ಲ. ಬಲಿಪೀಠದ ಕಡೆಗೆ ಮಾತ್ರ ಮತ್ತೆ ಬರಲಿಲ್ಲ.

ವರ್ಷಗಳು ಉರುಳಿ, ದಾನಿಯೇಲಪ್ಪನವರ ಮೊಣಕಾಲುಗಳೂ ಅವರ ಮಾತು ಕೇಳದಾದವು. ಒಂದು ಭಾನುವಾರ ಮೊಣಕಾಲೂರಿದವರು ಏಳಲಾಗದೆ, ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಮುಂದಿನ ಸಲ ಅವರು ತಮ್ಮ ಬೆಂಚು ಬಿಟ್ಟು ಏಳಲೇ ಇಲ್ಲ. ಹೊಸದಾಗಿ ಬಂದಿದ್ದ ಸಭಾಪಾಲಕಿ ಪ್ರಫುಲ್ಲಮ್ಮ ಅವರ ಹತ್ತಿರ ಹೋಗಿ, "ಅಜ್ಜಾರ, ಇಲ್ಲೇ ತಂದು ಕೊಡ್ತೀನ್ರಿ," ಎಂದರು.

"ಬ್ಯಾಡ್ರಿ ಅಮ್ಮಾರ. ರಾಹೇಲವ್ವಗ ಇಲ್ಲ ಅಂದ ಬಾಯಿಲೆ ನಾ ಹೆಂಗ ಕುಡೀಲಿ? ಹಿಂಗ ಸತ್ತರೂ ಸತ್ತೇನು."

ಹಟವೋ, ನಾಚಿಕೆಯೋ, ಎರಡೂ ಇತ್ತೆನ್ನಿ. ಆದರೆ ಪಾತ್ರೆ ಸಾಲಿನಿಂದ ಸಾಲಿಗೆ ಸಾಗುವಾಗ ಅವರ ಕಣ್ಣು ಅದನ್ನೇ ಹಿಂಬಾಲಿಸುವುದನ್ನು ಕಂಡು ನನ್ನ ಜೀವ ಚುರ್ ಎನ್ನುತ್ತಿತ್ತು. ಆ ಭೋಜನವಿಲ್ಲದೆ ಕಣ್ಣು ಮುಚ್ಚುವುದಕ್ಕಿಂತ ದೊಡ್ಡ ಭಯ ಅವರಿಗೆ ಬೇರೆ ಇರಲಿಲ್ಲ.

ಪ್ರಫುಲ್ಲಮ್ಮ ವಾದಕ್ಕಿಳಿಯಲಿಲ್ಲ, ಬಡಿಗನನ್ನು ಕರೆಸಿದರು. ಅವನು ನನ್ನ ಗಿಡ್ಡ ಕಾಲು ಕಿತ್ತು ಎತ್ತರದ ಕಾಲು ಜೋಡಿಸಿದ, ಬೆನ್ನಿಗೊಂದು ಆಸರೆ ಬಡಿದ. ನಾನು ಬೆಂಚಾದೆ! ನನ್ನ ಜಾಗದಲ್ಲಿ ಹೊಸ ಹಲಗೆ ಬಂತು, ನನ್ನನ್ನು ಅದರ ಪಕ್ಕಕ್ಕೆ ಸರಿಸಿದರು. ಇಷ್ಟು ವರ್ಷದ ಸೇವೆಗೆ ಇದೇನಾ ಮರ್ಯಾದೆ ಎಂದು ಒಳಗೊಳಗೇ ಕುದಿದೆ.

ಭಾನುವಾರ ಬಂತು. ಮೊಣಕಾಲೂರಲು ಆಗದವರು ನನ್ನ ಮೇಲೆ ಕೂರಬಹುದೆಂದು ಪ್ರಫುಲ್ಲಮ್ಮ ಹೇಳಿದರು. ಯಾರೂ ಅಲುಗಲಿಲ್ಲ. ಕೊನೆಗೆ ದಾನಿಯೇಲಪ್ಪ ಕೋಲೂರಿ ಎದ್ದರು. ಆದರೆ ನನ್ನ ಕಡೆಗೆ ಬರಲಿಲ್ಲ. ಬೆಂಚುಗಳನ್ನು ಹಿಡಿಹಿಡಿದುಕೊಂಡು ಹಿಂದಕ್ಕೆ ನಡೆದು, ಕಡೆಯ ಬೆಂಚಿನ ರಾಹೇಲವ್ವನ ಮುಂದೆ ನಿಂತರು.

"ಅವತ್ತ ನಿನ್ನ ತಿರುಗಿಸಿ ಕಳಿಸಿದ್ದು ನನ್ನ ತಪ್ಪವ್ವಾ. ಕ್ಷಮಾ ಮಾಡು. ನೀ ಬಂದ್ರ ನಾ ಬರ್ತೀನಿ."

ರಾಹೇಲವ್ವ ಸೆರಗು ಸರಿಮಾಡಿಕೊಂಡಳು.

"ಇಷ್ಟ ಹೇಳಾಕ ಇಷ್ಟ್ ವರ್ಷ ಬೇಕಾತೇನ್ರೀ ಹಿರ್ಯಾರ? ಕೈ ಕೊಡ್ರಿ, ಏಳ್ತೀನಿ."

ಇಬ್ಬರೂ ಬಂದು ನನ್ನ ಮೇಲೆ ಕುಳಿತರು. ಪ್ರಫುಲ್ಲಮ್ಮ ಪಾತ್ರೆಯನ್ನು ದಾನಿಯೇಲಪ್ಪನವರತ್ತ ಚಾಚಿದಾಗ ಅವರು ಕೈ ಅಡ್ಡ ಹಿಡಿದರು.

"ಮೊದಲ ಆಕಿಗೆ ಕೊಡ್ರಿ," ಎಂದರು.

ರಾಹೇಲವ್ವ ಕುಡಿದಳು. ಆಕೆಯ ಬಳಿಕ ಅವರು ಕುಡಿದರು.

ಈಗ ದಾನಿಯೇಲಪ್ಪ ಇಲ್ಲ. ನನಗೂ ವಯಸ್ಸಾಯಿತು, ಯಾರಾದರೂ ಕೂತರೆ ಕಿರುಗುಟ್ಟುತ್ತೇನೆ. ಇಂದಲ್ಲ ನಾಳೆ ನನ್ನನ್ನು ಇನ್ನೇನೋ ಮಾಡಬಹುದು, ಒಲೆಗೂ ಹಾಕಬಹುದು. ಮಾಡಲಿ. ಜೀವಮಾನವಿಡೀ ನನ್ನ ಮೇಲೆ ಮೊಣಕಾಲೂರಿದ ಮನುಷ್ಯ ನಿಜವಾಗಿ ತಲೆಬಾಗಿದ್ದು ನಾನು ಬೆಂಚಾದ ದಿನ. ಅದನ್ನು ನಾನು ಕಂಡೆ.