ಬೀದಿಯ ನಡುವೆ ಎಳೆದ ಗೆರೆ

ನಗರಸಭೆಯ ಹೊಸ ನಕ್ಷೆಯನ್ನು ಟೈಲರ್ ಅಕ್ಕನ ಅಂಗಡಿಗೆ ತಂದು ತೋರಿಸಿದವನು ಅಂಚೆಯವನು. ವಾರ್ಡುಗಳನ್ನು ಮರುವಿಂಗಡಣೆ ಮಾಡಿದ್ದರು. ಕೆಂಪು ಗೆರೆಯೊಂದು ಅವರ ಬೀದಿಯ ನಟ್ಟನಡುವೆ ಹಾದುಹೋಗಿತ್ತು. ಅಕ್ಕನ ಸಾಲಿನ ಮನೆಗಳು ಒಂಬತ್ತನೇ ವಾರ್ಡಿಗೆ, ಚಿಕಿತ್ಸಾಲಯವಿದ್ದ ಎದುರು ಸಾಲು ಹತ್ತಕ್ಕೆ.

“ಗೆರೆ ತಾನೇ, ಗೋಡೆ ಅಲ್ವಲ್ಲ,” ಎಂದ ಅಂಚೆಯವನು.

ಅಕ್ಕನಿಗೆ ನಗು ಬರಲಿಲ್ಲ. ಆ ಚಿಕಿತ್ಸಾಲಯ ಸುಮ್ಮನೆ ಬಂದದ್ದಲ್ಲ. ಎರಡೂ ಸಾಲಿನವರು ಒಟ್ಟಾಗಿ ಆರು ವರ್ಷ ವಾರ್ಡಿನ ಸದಸ್ಯನ ಬೆನ್ನು ಬಿದ್ದಿದ್ದರು. ಓಟು ಇಬ್ಭಾಗವಾದರೆ ಇನ್ನು ತಮ್ಮ ಮಾತಿಗೆ ಸೊಪ್ಪು ಹಾಕುವವರು ಯಾರು?

ಅಂಗಡಿ ಮುಚ್ಚಿ ಮನೆಮನೆ ಹತ್ತಿಳಿದಳು. ಬೀದಿಯನ್ನು ಒಂದೇ ವಾರ್ಡಿನಲ್ಲಿಡಿ ಎಂಬ ಮನವಿಗೆ ಹದಿನೈದು ದಿನದಲ್ಲಿ ನಾನೂರು ಸಹಿಯಾದವು. ನುಣುಚಿಕೊಂಡವನು ಮೈದುನನೊಬ್ಬನೇ. ಅಕ್ಕನ ಗಂಡ ತೀರಿಕೊಂಡ ಮೇಲೂ ಅತ್ತೆ ಅವಳ ಜೊತೆಗೇ ಉಳಿದಿದ್ದರು. ಎಲೆಕ್ಟ್ರಿಷಿಯನ್ ಮೈದುನ ಎದುರು ಸಾಲಿನಲ್ಲಿ ಬೇರೆ ಸಂಸಾರ ಹೂಡಿದ್ದ. “ನಾಳೆ ಹಾಕ್ತೀನಿ ಅತ್ತಿಗೆ” ಎಂದು ಮೂರು ಸಲ ಸಾಗಹಾಕಿದ.

ಅಹವಾಲು ಸಭೆಯ ದಿನ ಅಕ್ಕ ಸಹಿಯ ಹಾಳೆಗಳನ್ನು ಅಧಿಕಾರಿಯ ಮುಂದಿಟ್ಟಳು. “ಒಂದೇ ಚರಂಡಿ, ಒಂದೇ ನಲ್ಲಿ ನೀರು ಸಾರ್. ನಮ್ಮನ್ನ ಒಟ್ಟಿಗೇ ಇರೋಕೆ ಬಿಡಿ.”

ಅವಳು ಕೂರುವ ಮೊದಲೇ ಹಿಂದಿನ ಸಾಲಿನಿಂದ ಮೈದುನ ಎದ್ದ. ಮೈಮೇಲೆ ಅವಳೇ ಹೊಲಿದುಕೊಟ್ಟ ಅಂಗಿ. “ನಮ್ಮ ಸಾಲಿಗೆ ಹತ್ತನೇ ವಾರ್ಡೇ ಬೇಕು ಸಾರ್. ಇವರ ಹಿಂದೆ ಎಷ್ಟು ದಿನ ಬಾಲ ಹಿಡ್ಕೊಂಡು ಹೋಗೋದು?”

“ನಿಮ್ಮಲ್ಲೇ ಒಮ್ಮತ ಇಲ್ವಲ್ಲಮ್ಮ,” ಎಂದು ಅಧಿಕಾರಿ ಕಡತ ಮುಚ್ಚಿದ.

ಹೊರಗೆ ಮೆಟ್ಟಿಲ ಮೇಲೆ ಮೈದುನ ತಲೆ ತಗ್ಗಿಸಿ ಹೇಳಿದ: “ಹತ್ತನೇ ವಾರ್ಡಿಂದ ಪಕ್ಷದವರು ನನ್ನನ್ನ ಚುನಾವಣೆಗೆ ನಿಲ್ಲಿಸ್ತಾರಂತೆ. ಜೀವಮಾನವೆಲ್ಲ ಕಂಡವರ ಮನೆ ಫ್ಯೂಸ್ ಹಾಕಿದ್ದೇ ಬಂತು.”

“ನನಗೊಂದು ಮಾತು ಹೇಳಬಹುದಿತ್ತು.”

“ಹೇಳಿದ್ರೆ ಒಪ್ತಿದ್ರಾ?”

ಅವಳು ಮೆಟ್ಟಿಲಿಳಿದು ಹೊರಟಳು.

ಗೆರೆ ಹಾಗೇ ಉಳಿಯಿತು. ಕೊನೇ ಗಳಿಗೆಯಲ್ಲಿ ಟಿಕೆಟ್ ಬೇರೆಯವನ ಪಾಲಾಗಿ, ಮೈದುನನ ಕೈಗೆ ಚಿಪ್ಪು ಬಂತು. ಗೆದ್ದ ಹೊಸ ಸದಸ್ಯ, ಚಿಕಿತ್ಸಾಲಯ ಇನ್ನು ಹತ್ತನೇ ವಾರ್ಡಿನವರಿಗೆ ಮಾತ್ರ ಎಂದು ಫಲಕ ಹಾಕಿಸಿದ.

ಅತ್ತೆಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣಿಗೆ ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಬೇಕಿತ್ತು. “ವಿಳಾಸ ಒಂಬತ್ತರದ್ದು ಅಜ್ಜಿ. ನಮ್ಮ ಕೈಲಿ ಏನೂ ಇಲ್ಲ,” ಎಂದು ಹಳೆಯ ಪರಿಚಯದ ನರ್ಸ್ ಮುಖ ತಿರುಗಿಸಿದಳು. ಒಂಬತ್ತನೇ ವಾರ್ಡಿನ ಚಿಕಿತ್ಸಾಲಯಕ್ಕೆ ಎರಡು ಬಸ್ಸು ಬದಲಿಸಬೇಕು. ಓಡಾಟದಲ್ಲಿ ದಿನಗಳು ತಪ್ಪಿ, ಹುಣ್ಣು ಕೀವುಗಟ್ಟಿತು.

ಸುದ್ದಿ ತಿಳಿದು ಮೈದುನ ಬಂದ. ಒಳಗೆ ಬರಲು ಧೈರ್ಯವಿಲ್ಲದೆ ಬಾಗಿಲಲ್ಲೇ ನಿಂತ. “ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅತ್ತಿಗೆ. ನಮ್ಮನೆ ವಿಳಾಸಕ್ಕೆ ಬದಲಾಯಿಸಿದ್ರೆ ಇಲ್ಲೇ ನೋಡ್ತಾರೆ.”

ಬೈಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯ ಕಾಲಿನ ಪಟ್ಟಿ ಕಣ್ಣಿಗೆ ಬಿತ್ತು.

“ಸತ್ರೂ ನಾನು ಇಲ್ಲೇ,” ಎಂದರು ಅತ್ತೆ.

“ಕಾಲು ಉಳೀಬೇಕಲ್ಲ ಅತ್ತೆ. ಹೋಗಿ.”

ಸೀರೆಗಳನ್ನು ಅವಳೇ ಮಡಚಿ ಚೀಲಕ್ಕೆ ತುಂಬಿದಳು. ಮಗ ತಾಯಿಯನ್ನು ಎತ್ತಿಕೊಂಡು ಬೀದಿ ದಾಟಿದ. ಎರಡೂ ಸಾಲಿನವರು ಬಾಗಿಲಲ್ಲಿ ನಿಂತು ನೋಡಿದರು.

ಹುಣ್ಣು ಎರಡು ತಿಂಗಳಲ್ಲಿ ಮಾಯಿತು. ಆದರೆ ಮರಳಿ ಬಂದರೆ ವಿಳಾಸ ಸುಳ್ಳಾಗುತ್ತದೆಂಬ ಭಯಕ್ಕೆ ಅತ್ತೆ ಅಲ್ಲೇ ಉಳಿದರು. ಮೈದುನನ ಮನೆ ಮೆಟ್ಟಿಲು ಹತ್ತಲು ಅಕ್ಕನಿಗೆ ಮನಸ್ಸಾಗಲಿಲ್ಲ. ಸಂಜೆ ಹೊತ್ತು ಅತ್ತೆ ಸೊಸೆ ಇಬ್ಬರೂ ತಂತಮ್ಮ ಬಾಗಿಲಲ್ಲಿ ನಿಂತು, ಗಾಡಿಗಳ ಸದ್ದಿನ ನಡುವೆ, ಊಟ ಆಯಿತೇ ಎಂದು ಕೂಗಿ ಕೇಳಿಕೊಳ್ಳುತ್ತಿದ್ದರು.