ಉಜ್ಜುವ ತುಂಡಿನ ಸಿಟ್ಟು

ನಾನು ಒಂದು ಕರಿಜಾಲಿ ಕಟ್ಟಿಗೆಯ ತುಂಡು. ಉದ್ದ ಗೇಣಿಗೆ ಕಡಿಮೆ, ಅಗಲ ನಾಲ್ಕು ಬೆರಳು, ದಪ್ಪ ಎರಡು ಬೆರಳು. ಮೈಗೆ ವಾಟರ್ ಪೇಪರ್, ಅಂದರೆ ನೀರಲ್ಲಿ ನೆನೆಸುವ ಉಪ್ಪುಕಾಗದ, ಸುತ್ತಿ ಕಾರಿನ ಬಣ್ಣದ ಮೇಲೆ ನನ್ನನ್ನು ಉಜ್ಜುತ್ತಾರೆ. ಬಣ್ಣದಲ್ಲಿ ಕೂತ ಕಸ, ಎದ್ದ ಉಬ್ಬು, ಇಳಿದು ಗಟ್ಟಿಯಾದ ಹನಿ, ಇವನ್ನೆಲ್ಲ ಸಮ ಮಾಡುವುದು ನನ್ನ ಕೆಲಸ. ಕಟ್ಟಿಗೆಗೂ ಸಿಟ್ಟು ಬರುತ್ತದೆಯೇ ಎಂದು ನೀವು ಕೇಳಬಹುದು. ಬರುತ್ತದೆ. ನನಗೆ ಬಂದದ್ದು ಇನ್ನೂ ಹೋಗಿಲ್ಲ.

ನಾನು ಹುಟ್ಟಿದ್ದು ಬ್ಯಾಡಗಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಮೌನೇಶಪ್ಪ ಬಡಿಗೇರನ ಅಂಗಳದಲ್ಲಿ. ಯಾರದೋ ಕುಂಟೆಯ ದಿಂಡು ಕೆತ್ತುವಾಗ ಉಳಿದ ತುಂಡು ನಾನು. ಒಲೆಗೆ ಹೋಗಬೇಕಾದವನನ್ನು ಗುಡ್ಡಪ್ಪ ಮೇಸ್ತ್ರಿ ಎತ್ತಿಕೊಂಡ. ಅವನು ಪೇಟೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. "ಇದರ ಒಂದು ಮಗ್ಗಲು ಕನ್ನಡಿ ಹಂಗ ಸಪಾಟ ಆಗಬೇಕು ನೋಡಪಾ" ಎಂದ. ಮೌನೇಶಪ್ಪ ಅರ್ಧ ದಿನ ಕೂತು ಉಜ್ಜುಗೊರಡು ಹಾಕಿದ. ಗಾಜಿನ ಮೇಲಿಟ್ಟು, ಬಗ್ಗಿ, ಸಂದಿನಲ್ಲಿ ಬೆಳಕು ತೂರುತ್ತದೆಯೇ ಎಂದು ನೋಡಿದ. ತೂರಿದಾಗಲೆಲ್ಲ ಮತ್ತೆ ಉಜ್ಜಿದ. "ನಿನ್ನ ಈ ತುಂಡಿಗೆ ಪಟ್ಟ ಕಷ್ಟಾ ಕುಂಟಿಗೂ ಪಡಲಿಲ್ಲ ನಾ" ಎಂದು ಬೈದು ಕೊಟ್ಟ.

ಗುಡ್ಡಪ್ಪನ ಶಾಪು ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿತ್ತು. ಮೇಲೆ ತಗಡು, ಮೂರು ಕಡೆ ತಾಡಪತ್ರಿ. ಸುಗ್ಗಿಯಲ್ಲಿ ಗಾಳಿಗೇ ಘಾಟು. ಅವನ ಕೈಯಲ್ಲಿ ನಾನು ಎರಡು ವರ್ಷ ಇದ್ದೆ. ಅವನಿಗೆ ಉಜ್ಜುವ ಕೆಲಸ ಎಂದರೆ ಬೇಸರ. ಬಣ್ಣ ಚಿಮ್ಮುವ ಗನ್ನು ಹಿಡಿಯುವವನು ಪೇಂಟರ್, ತುಂಡು ಹಿಡಿಯುವವರು ಕೂಲಿ ಎಂಬುದು ಅವನ ಲೆಕ್ಕ. ನನ್ನ ಮೇಲೆ ಭಾರ ಬಿಟ್ಟು ಗರಗರ ಎಳೆಯುತ್ತಿದ್ದ. ಅವನ ಕೆಲಸ ಕೆಟ್ಟದಿರಲಿಲ್ಲ. ಅವಸರದ್ದು, ಅಷ್ಟೆ.

ಮೂರನೆಯ ವರ್ಷ ನೀಲವ್ವ ಬಂದಳು. ಅದುವರೆಗೆ ಅವಳು ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕಣ್ಣುರಿ ತಡೆಯಲಾಗದೆ ಬೇರೆ ಕೆಲಸ ಹುಡುಕಿಕೊಂಡು ಬಂದಿದ್ದಳು. ಗುಡ್ಡಪ್ಪ ನನ್ನನ್ನು ಅವಳ ಕೈಗೆ ಹಾಕಿ, "ತಿಕ್ಕು. ಮುಸುರಿ ತಿಕ್ಕಿ ರೂಢಿ ಐತಲ್ಲ" ಎಂದು ನಕ್ಕ.

ನೀಲವ್ವ ನಗಲಿಲ್ಲ. ನನ್ನನ್ನು ತಿರುಗಿಸಿ ನೋಡಿದಳು. ಯಾವ ಮಗ್ಗಲು ಸಪಾಟ, ಯಾವುದು ಅಲ್ಲ ಎಂದು ಬೆರಳಾಡಿಸಿ ತಿಳಿದುಕೊಂಡಳು. ಅವತ್ತಿನಿಂದ ನಾನು ಅವಳವನಾದೆ.

ಈಗಿನ ಕಾರುಗಳಿಗೆ ಬಣ್ಣದ ಮೇಲೆ ನೀರಿನಂಥ ಇನ್ನೊಂದು ಪದರ ಹೊಡೆಯುತ್ತಾರೆ. ಅದಕ್ಕೆ ಕ್ಲಿಯರ್ ಅನ್ನುತ್ತಾರೆ. ಕಾರು ಫಳಫಳ ಹೊಳೆಯುವುದು ಅದರಿಂದ. ತೆಳ್ಳಗೆ ಹೊಡೆದು, ತುಸು ಆರಲು ಬಿಟ್ಟು, ಮತ್ತೆ ಹೊಡೆಯಬೇಕು. ಅವಸರ ಮಾಡಿ ದಪ್ಪ ಹೊಡೆದರೆ ಬಾಗಿಲ ಮೇಲಿಂದ ಜೇನಿನ ಹಾಗೆ ಕೆಳಗಿಳಿದು ಅಲ್ಲೇ ಗಟ್ಟಿಯಾಗುತ್ತದೆ. ಶಾಪಿನವರು 'ಇಳಿದೈತಿ' ಅನ್ನುತ್ತಾರೆ. ಆ ಇಳಿತವನ್ನು ಬರಿ ಬೆರಳಲ್ಲಿ ಪೇಪರ್ ಹಿಡಿದು ಉಜ್ಜಬಾರದು. ಬೆರಳು ಮೆತ್ತಗೆ, ಉಬ್ಬಿಗೂ ಬಾಗುತ್ತದೆ, ತಗ್ಗಿಗೂ ಇಳಿಯುತ್ತದೆ. ನಾನು ಬಾಗುವುದಿಲ್ಲ. ಉಬ್ಬಿದ್ದನ್ನಷ್ಟೇ ಮುಟ್ಟುತ್ತೇನೆ. ಆದರೆ ಹಿಡಿದ ಕೈಗೆ ಎಲ್ಲಿ ನಿಲ್ಲಬೇಕು ಎಂದು ಗೊತ್ತಿರಬೇಕು. ಎರಡು ಎಳೆತ ಹೆಚ್ಚಾದರೆ ಕ್ಲಿಯರ್ ಹರಿದು ಕೆಳಗಿನ ಬಣ್ಣವೂ ಹೋಗುತ್ತದೆ.

ನೀಲವ್ವನಿಗೆ ಆ ನಿಲ್ಲುವುದು ಗೊತ್ತಿತ್ತು. ಇಳಿತದ ಸುತ್ತ ಟೇಪು ಅಂಟಿಸುವಳು. ಅದರ ಮೇಲೆ ಸೀಮೆಸುಣ್ಣದ ಪುಡಿ ಸವರುವಳು. ಸಾಬೂನು ನೀರು ಚಿಮುಕಿಸಿ ನನ್ನನ್ನು ಹಗುರ ಎಳೆಯುವಳು. ಉಬ್ಬಿನ ಪುಡಿ ಹೋಗಿ ತಗ್ಗಿನ ಪುಡಿ ಉಳಿದಿದ್ದರೆ ಇನ್ನೂ ಕೆಲಸ ಇದೆ ಎಂದರ್ಥ. ಹತ್ತು ಎಳೆತಕ್ಕೊಮ್ಮೆ ಅರಿವೆಯಿಂದ ಒರೆಸಿ, ಕಣ್ಣು ಮುಚ್ಚಿ, ಅಂಗೈ ಆಡಿಸುವಳು. ಆಮೇಲೆ ನುಣುಪು ಪೇಪರು, ಇನ್ನೂ ನುಣುಪು ಪೇಪರು, ಕೊನೆಗೆ ಕಾಂಪೌಂಡ್ ಎಂಬ ಹೊಳಪಿನ ಮುಲಾಮು ಹಚ್ಚಿ ಪಾಲಿಶ್. ಎಲ್ಲಿ ಇಳಿದಿತ್ತು ಎಂದು ಹೊಡೆದವನಿಗೇ ಗುರುತು ಸಿಗುತ್ತಿರಲಿಲ್ಲ.

ಹನ್ನೊಂದು ವರ್ಷ. ಆ ಹನ್ನೊಂದು ವರ್ಷವೂ ಗಿರಾಕಿಯ ಸಪ್ಪಳ ಕೇಳಿದ ಕೂಡಲೇ ಗುಡ್ಡಪ್ಪ, "ಏ ನೀಲಿ, ಹಿಂದಕ ಹೋಗು" ಅನ್ನುತ್ತಿದ್ದ. ತಮ್ಮ ಕಾರಿಗೆ ಹೆಣ್ಣುಮಗಳು ಕೈ ಹಚ್ಚಿದಳೆಂದು ಗೊತ್ತಾದರೆ ಮಂದಿ ಬರುವುದಿಲ್ಲವೆಂದು ಅವನ ಅಂಜಿಕೆ. ಅವಳು ನನ್ನನ್ನು ಬಕೆಟ್ಟಿಗೆ ಹಾಕಿ ತಾಡಪತ್ರಿಯ ಹಿಂದೆ ಕೂರುವಳು. ಗಿರಾಕಿ ಬಾಗಿಲ ಮೇಲೆ ಕೈಯಾಡಿಸಿ, "ಮೇಸ್ತ್ರಿ, ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕ್ರಿ" ಅನ್ನುವನು. "ಏನೋ ದೇವರು ನಡಸ್ಯಾನ್ರಿ" ಎಂದು ಗುಡ್ಡಪ್ಪ ಕೈ ಮುಗಿಯುವನು. ಆ ಕೈ ಒಣಗಿರುತ್ತಿತ್ತು. ತಾಡಪತ್ರಿಯ ಹಿಂದಿನ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುತ್ತಿತ್ತು.

ನೀಲವ್ವ ಒಮ್ಮೆ ಕೇಳಿದ್ದಳು: "ಮೇಸ್ತ್ರಿ, ನನಗೂ ಗನ್ ಹೊಡ್ಯಾಕ ಕಲಸ್ರಿ."

"ಗನ್ನ? ನಿನಗ?" ಗುಡ್ಡಪ್ಪ ಬಿದ್ದು ಬಿದ್ದು ನಕ್ಕ. "ಮೊದಲ ಸೆರಗು ಸಂಭಾಳಿಸವಾ."

ಅಂದಿನಿಂದ ಅವನು ಗನ್ನು ಹಿಡಿದಾಗಲೆಲ್ಲ ಅವಳು ಪೇಪರ್ ಕತ್ತರಿಸುವ ನೆಪದಲ್ಲಿ ಎದುರಿಗೆ ನಿಂತು ನೋಡುತ್ತಿದ್ದಳು.

ಹೀಗಿರುವಾಗ ಮುರಿಗೆಪ್ಪ ಸಾವುಕಾರರ ಕಾರು ಬಂತು. ಅವರು ಮೆಣಸಿನಕಾಯಿ ವ್ಯಾಪಾರಿ. ಗಿಡಕ್ಕೆ ಉಜ್ಜಿ ಬಲಗಡೆಯ ಬಾಗಿಲು ನೆಗ್ಗಿತ್ತು. ಕಡುಗೆಂಪು ಬಣ್ಣ. "ಶುಕ್ರವಾರ ಅಮಾಸಿ ಐತಿ. ಅಮಾಸಿ ದಿನ ಗಾಡಿ ಹೊರಗ ತಗಿಯಂಗಿಲ್ಲ. ಗುರುವಾರ ಸಂಜಿಕ ಮನಿ ಮುಂದ ಇರಬೇಕು" ಎಂದರು. ನೆಗ್ಗು ತೆಗೆದು ಪುಟ್ಟಿ ಹಚ್ಚುವಷ್ಟರಲ್ಲಿ ಬುಧವಾರ ಮಧ್ಯಾಹ್ನವಾಗಿತ್ತು. ಆಗುವುದಿಲ್ಲ ಎಂದು ಹೇಳುವ ಬಾಯಿ ಗುಡ್ಡಪ್ಪನಿಗಿರಲಿಲ್ಲ. ಬಣ್ಣ ಹೊಡೆದ. ಅದರ ಹಿಂದೆಯೇ ಕ್ಲಿಯರ್, ಒಂದರ ಮೇಲೊಂದು ಮೂರು ಪದರ, ನಡುವೆ ಒಂದು ಬೀಡಿ ಸೇದುವಷ್ಟೂ ಬಿಡದೆ.

"ಮೇಸ್ತ್ರಿ, ಆರಲಿ ತಡೀರಿ" ಎಂದಳು ನೀಲವ್ವ.

"ಅಮಾಸಿ ತಡೀತತೇನ?"

ಗುರುವಾರ ಬೆಳಿಗ್ಗೆ ನೋಡಿದರೆ ಬಾಗಿಲ ಮೇಲೆ ಐದು ಇಳಿತ. ದಪ್ಪ, ಉದ್ದ, ತುದಿಯಲ್ಲಿ ಹೆಸರುಕಾಳಿನಷ್ಟು ಗಂಟು. ನೀಲವ್ವ ಒಂದರ ಮೇಲೆ ಉಗುರು ಒತ್ತಿದಳು. ಉಗುರಿನ ಗುರುತು ಮೂಡಿತು.

"ಹಸಿ ಐತ್ರಿ. ಮ್ಯಾಲ ಕೆನಿ ಕಟ್ಟೇತಿ, ಒಳಗ ಇನ್ನೂ ಮೆತ್ತಗ. ಈಗ ತಿಕ್ಕಿದ್ರ ಕಿತ್ತ ಬರತೈತಿ. ನಾಕೈದು ದಿನ ಬಿಡಬೇಕು."

"ತಿಕ್ಕಂದ್ರ ತಿಕ್ಕು."

"ನಾ ಒಲ್ಲೆ ಮೇಸ್ತ್ರಿ. ಕೆಡತೈತಿ."

ಗುಡ್ಡಪ್ಪ ನನ್ನನ್ನು ಅವಳ ಕೈಯಿಂದ ಕಸಿದುಕೊಂಡ. ನನಗೆ ಹನ್ನೊಂದು ವರ್ಷದ ಮೇಲೆ ಮತ್ತೆ ಅದೇ ಭಾರದ ಕೈ. ಎಳೆದ. ಪೇಪರಿಗೆ ಕ್ಲಿಯರ್ ಅಂಟಿಕೊಂಡು ಉಂಡೆ ಉಂಡೆಯಾಗಿ ಸುತ್ತಿತು. ಆ ಉಂಡೆಗಳೇ ಬಾಗಿಲನ್ನು ಗೀರಿದವು. ನಿಲ್ಲು, ನಿಲ್ಲು ಎಂದು ನಾನು ಒಳಗೊಳಗೇ ಕೂಗಿದೆ. ಅವನು ಇನ್ನೂ ಒತ್ತಿದ. ಎರಡು ನಿಮಿಷದಲ್ಲಿ ಅಂಗೈಯಗಲ ಜಾಗದಲ್ಲಿ ಕ್ಲಿಯರೂ ಹೋಯಿತು, ಕೆಂಪೂ ಹೋಯಿತು, ಕೆಳಗಿನ ಬೂದು ಪ್ರೈಮರ್ ಕಾಣಿಸಿತು. ಸುಟ್ಟ ಗಾಯದ ಹಾಗೆ.

ಅಷ್ಟರಲ್ಲಿ ಸಾವುಕಾರರ ದನಿ ಕೇಳಿಸಿತು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟಿದ್ದರು. ರೂಢಿಯಂತೆ ನೀಲವ್ವ ತಾಡಪತ್ರಿಯ ಹಿಂದೆ ಸರಿದಳು. ಸಾವುಕಾರರು ಬಾಗಿಲು ನೋಡಿದರು.

"ಏನಿದು ಗುಡ್ಡಪ್ಪಾ? ತುರಿಕಿ ಹತ್ತಿದ ನಾಯಿ ಮೈ ಆಗೇತಲ್ಲೋ!"

ಆಗ ಗುಡ್ಡಪ್ಪ ಮಾಡಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಅವನು ಹೋಗಿ ತಾಡಪತ್ರಿಯನ್ನು ಸರ್ರನೆ ಸರಿಸಿದ. "ನಾ ಎಲ್ಲಾ ಬರೋಬರಿ ಹೊಡದಿದ್ನಿರಿ. ಈಕಿ ನೀಲವ್ವ. ಈಕಿ ತಿಕ್ಕಿ ಹಾಳ ಮಾಡಿದ್ಲು" ಎಂದ.

ಹನ್ನೊಂದು ವರ್ಷದಲ್ಲಿ ಗಿರಾಕಿಯೊಬ್ಬನ ಎದುರು ಅವಳ ಹೆಸರು ಬಂದದ್ದು ಅದೇ ಮೊದಲು.

ನಾನು ಇನ್ನೂ ಅವನ ಕೈಯಲ್ಲೇ ಇದ್ದೆ. ನನ್ನ ಮೈಮೇಲೆ ಹಸಿ ಕೆಂಪು ಮೆತ್ತಿತ್ತು. ಅವನ ಬೆರಳುಗಳೂ ಕೆಂಪಾಗಿದ್ದವು. ಕಟ್ಟಿಗೆಗೆ ಬಾಯಿ ಇದ್ದಿದ್ದರೆ ಆ ತಗಡು ಹಾರಿಹೋಗುವ ಹಾಗೆ ಒದರುತ್ತಿದ್ದೆ. ಇರಲಿಲ್ಲ.

"ಹೆಣ್ಣುಮಗಳ ಕೈಯಾಗ ಗಾಡಿ ಕೊಡತೀಯೇನಪಾ ನೀ?" ಸಾವುಕಾರರು ಹಲ್ಲು ಕಡಿದರು. "ಇನ್ನ ನಾ ಈ ಶಾಪಿಗೆ ಕಾಲಿಡಂಗಿಲ್ಲ. ಊರ ತುಂಬ ಹೇಳತೇನಿ."

ನೀಲವ್ವ ಎದ್ದು ಬಂದಳು. ಸಾವುಕಾರರ ಎದುರಿಗೇ ನಿಂತಳು.

"ಸಾವುಕಾರ್ರ, ನೀವು ಹಸಿ ಮೆಣಸಿನಕಾಯಿ ಚೀಲಕ್ಕ ತುಂಬತೀರೇನ್ರಿ?"

"ಯಾಕ ತುಂಬಲಿ? ಬೂಸ್ಟ ಹಿಡೀತಾವು."

"ಮ್ಯಾಲ ಒಣಗಿ ಒಳಗ ಹಸಿ ಇದ್ದದ್ದು ಹ್ಯಾಂಗ ಗೊತ್ತ ಮಾಡತೀರಿ?"

"ಚಿವುಟಿ ನೋಡತೇವಿ."

"ಹಂಗಾರ ಇದನ್ನೂ ಚಿವುಟ್ರಿ" ಎಂದು ಕೈ ತಾಕದ ಇನ್ನೊಂದು ಇಳಿತವನ್ನು ತೋರಿಸಿದಳು. "ನಿಮ್ಮ ಉಗುರು ಊರಿದ್ರ ಇದು ತಿಕ್ಕೂ ಹದಕ್ಕ ಬಂದಿಲ್ಲ. ಬಂದಿಲ್ಲಂತ ನಾ ಮುಂಜಾನಿಂದ ಬಡ್ಕೊಂಡೇನಿ. ತಿಕ್ಕಿದವರ ಕೈ ನೋಡ್ರಿ. ನನ್ನ ಕೈನೂ ನೋಡ್ರಿ."

ಸಾವುಕಾರರು ಉಗುರು ಒತ್ತಿದರು. ಊರಿತು. ಅವಳ ಕೈ ನೋಡಿದರು, ಗುಡ್ಡಪ್ಪನ ಕೈ ನೋಡಿದರು. ಗುಡ್ಡಪ್ಪ ನನ್ನನ್ನು ಬಕೆಟ್ಟಿಗೆ ಒಗೆದು ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಅಮಾಸಿ ಮುಗೀಲಿ" ಎಂದಳು ನೀಲವ್ವ. "ಗಾಡಿ ಇಲ್ಲೇ ನೆಳ್ಳಾಗ ನಿಂತಿರಲಿ. ಹದಿನೈದು ದಿನ ಬಿಟ್ಟು ಶುಕ್ರವಾರ ಬರ್ರಿ. ಆದ್ರ ತಿಕ್ಕಾಕಿ, ಹೊಡ್ಯಾಕಿ, ಎರಡೂ ನಾನ. ನಡುವ ಯಾರೂ ಕೈ ಹಾಕಬಾರದು."

ಮುರಿಗೆಪ್ಪನವರು ವ್ಯಾಪಾರಿ. ಸುಮಾರು ಹೊತ್ತು ಗಲ್ಲ ಕೆರೆದುಕೊಂಡರು. "ಹೆಂಗಿದ್ರೂ ಕೆಟ್ಟೇತಿ. ಆಕೀನ ಮಾಡ್ಲಿ" ಎಂದು ಹೊರಟುಹೋದರು.

ಐದು ದಿನ ಯಾರೂ ಆ ಬಾಗಿಲನ್ನು ಮುಟ್ಟಲಿಲ್ಲ. ಆರನೆಯ ದಿನ ನೀಲವ್ವ ಉಗುರು ಒತ್ತಿದಳು. ಜಾರಿತು. ಆಗ ನನ್ನನ್ನು ಎತ್ತಿಕೊಂಡಳು. ಅಷ್ಟು ಸಿಟ್ಟು ಅವಳ ಎದೆಯಲ್ಲಿದ್ದರೂ ಕೈಗೆ ಇಳಿಯಲಿಲ್ಲ. ಅದೇ ಹಗುರ, ಅದೇ ನಿಲುಗಡೆ. ಒಂದೊಂದೇ ಇಳಿತವನ್ನು ಸಮ ಮಾಡಿದಳು. ಬಾಗಿಲಿಗೆಲ್ಲ ನುಣುಪು ಪೇಪರ್ ಆಡಿಸಿದಳು. ನೆಲಕ್ಕೆ ನೀರು ಹೊಡೆದು ಧೂಳು ಕೂರಿಸಿದಳು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಮೂಗಿಗೆ ಅರಿವೆ ಕಟ್ಟಿ, ಗನ್ನು ತೆಗೆದುಕೊಂಡಳು. ಮೊದಲು ಹಳೆಯ ತಗಡಿನ ಮೇಲೆ ಹೊಡೆದು ನೋಡಿದಳು. ಮೊದಲ ಸಲ ಹೆಚ್ಚಾಯಿತು, ಎರಡನೆಯ ಸಲ ಕಡಿಮೆ. ಮೂರನೆಯದು ಸರಿಬಂತು. ಬೂದು ಕಂಡ ಕಡೆ ಕೆಂಪು ಹೊಡೆದು ಆರಿಸಿದಳು. ಆಮೇಲೆ ಕ್ಲಿಯರ್, ತೆಳ್ಳಗೆ. ಗನ್ನು ಕೆಳಗಿಟ್ಟು ಕಾದಳು. ಅಂಚಿನ ಟೇಪನ್ನು ಬೆರಳಿಂದ ಮುಟ್ಟಿದಳು. ಬೆರಳಿಗೆ ಅಂಟಬೇಕು, ಎತ್ತಿದಾಗ ಪಾಕದ ಹಾಗೆ ನೂಲು ಎಳೆಯಬಾರದು. ನೂಲು ಎಳೆಯಿತು. ಮತ್ತೆ ಕಾದಳು. ಗುಡ್ಡಪ್ಪ ಹೊರಗೆ ಬೇವಿನ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ. ಒಮ್ಮೆಯೂ ಒಳಗೆ ಬರಲಿಲ್ಲ.

ಮರುದಿನ ನೋಡಿದರೆ ಕ್ಲಿಯರ್‌ನಲ್ಲಿ ಎರಡು ಕಡೆ ಕಸ ಕೂತಿತ್ತು. ಗಟ್ಟಿಯಾಗಲು ಬಿಟ್ಟು, ಕೊನೆಯ ದಿನ ನನ್ನ ಮೂಲೆಯಿಂದಲೇ ಅದನ್ನು ತೆಗೆದು ಪಾಲಿಶ್ ಹಾಕಿದಳು. ಬಾಗಿಲಲ್ಲಿ ಬೇವಿನ ಮರ ಎಲೆ ಎಲೆಯಾಗಿ ಕಂಡಿತು.

ಹೇಳಿದ ಶುಕ್ರವಾರ ಸಾವುಕಾರರು ಬಂದರು. ನೀಲವ್ವ ಈ ಸಲ ತಾಡಪತ್ರಿಯ ಹಿಂದೆ ಹೋಗಲಿಲ್ಲ. ಕಾರಿನ ಪಕ್ಕದಲ್ಲೇ ನಿಂತಳು. ಸಾವುಕಾರರು ಬಗ್ಗಿ ನೋಡಿದರು, ಅಂಗೈ ಆಡಿಸಿದರು, ಎದ್ದು ನಿಂತು ಗುಡ್ಡಪ್ಪನ ಹೆಗಲ ಮೇಲೆ ಕೈ ಇಟ್ಟರು.

"ನಿನ್ನ ಶಾಪಿನ ಮರ್ಯಾದಿ ಉಳೀತಪಾ."

ಗುಡ್ಡಪ್ಪ ಕೈ ಮುಗಿದ. "ಮತ್ತ! ನಾ ಎದುರಿಗೆ ನಿಂತು ಮಾಡಿಸೇನ್ರಿ."

ನೀಲವ್ವ ಬಕೆಟ್ಟಿನಲ್ಲಿ ಕೈ ತೊಳೆದುಕೊಂಡಳು. ಮೊಣಕೈತನಕ ತೊಳೆದಳು. ಆಮೇಲೆ ಹೇಳಿದಳು: "ಮೇಸ್ತ್ರಿ, ಕೆಟ್ಟಾಗ ನೀಲವ್ವ ಮಾಡಿದ್ಲು. ಛಲೋ ಆದಾಗ ನೀವು ನಿಂತಿದ್ರಿ. ನಾಳಿಂದ ನೀವ ನಿಂದರ್ರಿ."

ಹೊರಡುವಾಗ ನನ್ನನ್ನು ಎತ್ತಿಕೊಂಡಳು. "ಅದನ್ನಿಡು. ಅದು ಶಾಪಿನ ಸಾಮಾನು" ಎಂದ ಗುಡ್ಡಪ್ಪ. ಅವಳು ನನ್ನನ್ನು ನೋಡಿದಳು. ಬಕೆಟ್ಟಿನ ಅಂಚಿಗೆ ಮೆಲ್ಲಗೆ ಇಟ್ಟು ನಡೆದಳು. ಎಲ್ಲ ಕಂಡಿದ್ದ ಸಾವುಕಾರರು ಬಾಗಿಲ ಹೊಳಪನ್ನೇ ಮತ್ತೊಮ್ಮೆ ನೋಡಿ, ಕಾರು ಹತ್ತಿ ಹೋದರು. ಅವರ ಮೇಲೂ ನನಗೆ ಸಿಟ್ಟಿದೆ.

ಈಗ ನನಗೆ ವಯಸ್ಸಾಗಿದೆ. ಅಂಚುಗಳು ಸವೆದಿವೆ, ಒಂದು ಮೂಲೆ ಸೀಳಿದೆ. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ನನ್ನನ್ನು ತುರುಕಿ ಎಷ್ಟೋ ವರ್ಷವಾಯಿತು. ಇಲ್ಲಿಂದ ನನಗೆ ಗಾಡಿಗಳ ಗಾಲಿ, ಮನುಷ್ಯರ ಪಾದ, ಇಷ್ಟೇ ಕಾಣುವುದು. ಶಾಪಿಗೆ ಬರುವ ಪಾದಗಳು ಕಡಿಮೆಯಾಗಿವೆ.

ಮೊನ್ನೆ ಒಬ್ಬ ಡ್ರೈವರ್ ಬಂದ. ಗುಡ್ಡಪ್ಪ ಹೊಡೆದ ಬಾಗಿಲು ಇಳಿದಿತ್ತು. ಇಬ್ಬರ ನಡುವೆ ಬಹಳ ಹೊತ್ತು ಜಗಳವಾಯಿತು. ಕೊನೆಗೆ ಗುಡ್ಡಪ್ಪನ ದನಿ ಕುಗ್ಗಿತು.

"ಒಂದ ಕೆಲಸ ಮಾಡು. ಮೋಟೆಬೆನ್ನೂರ ರಸ್ತ್ಯಾಗ ನೀಲವ್ವನ ಶಾಪ್ ಐತಿ. ಅಲ್ಲೆ ಒಯ್ಯಿ. ಆಕಿ ತಗೀತಾಳ."

ಅವಳಿಗೊಂದು ಶಾಪು ಇದೆ! ಅದನ್ನು ಈ ಬಾಯಿಯೇ ಹೇಳಿತು!

"ಹೆಣ್ಣುಮಗಳಾ?" ಎಂದ ಡ್ರೈವರ್. "ಆಕೀಗೆ ಬರತೈತೇನ್ರಿ ಇಂಥಾ ಕೆಲಸ?"

ಗುಡ್ಡಪ್ಪ ಬೀಡಿ ಹಚ್ಚಿದ. ಒಂದು ದಮ್ಮು ಎಳೆದ. "ಬರದ ಏನು? ನಾನ ಕಲಿಸಿದ್ದು" ಎಂದ.

ಡ್ರೈವರ್ ತಲೆದೂಗಿ ಹೋದ. ಕೇಳಿದವರಿಗೆ ಅದೇ ಸತ್ಯವಾಗುತ್ತದೆ. ಆದ್ದರಿಂದ ನಾನು ನಿಮಗೆ ಹೇಳುತ್ತಿದ್ದೇನೆ. ನೀಲವ್ವನಿಗೆ ಯಾರೂ ಕಲಿಸಲಿಲ್ಲ. ಹನ್ನೊಂದು ವರ್ಷ ಸಾಬೂನು ನೀರಿನಲ್ಲಿ ನೆನೆದು ಬಿರಿದ ಬೆರಳುಗಳಿಂದ ಅವಳೇ ಕಲಿತಳು. ಆ ಬಿರುಕು ಒಂದೊಂದೂ ನನಗೆ ಗೊತ್ತು. ಉಬ್ಬಿದ್ದನ್ನೆಲ್ಲ ತಗ್ಗಿಸುತ್ತ ಬದುಕಿದವನು ನಾನು. ನನ್ನ ಈ ಸಿಟ್ಟನ್ನು ಮಾತ್ರ ಇದ್ದ ಹಾಗೆಯೇ ಇಟ್ಟುಕೊಂಡಿದ್ದೇನೆ. ಇದರ ಮೇಲೆ ಯಾರೂ ಪೇಪರ್ ಆಡಿಸುವುದು ಬೇಡ.