ಮೂರನೆಯ ಚಮಚ

ಸೊಸೆಯ ತವರಿನಲ್ಲಿ ಉಪವಾಸವೆಂದರೆ ಬೇರೆ ಅಡುಗೆ, ಅಷ್ಟೇ. ಏಕಾದಶಿ ಬಂತೆಂದರೆ ಅನ್ನಕ್ಕೆ ರಜೆ. ಅದರ ಜಾಗಕ್ಕೆ ಸಾಬಕ್ಕಿ, ಬೇಯಿಸಿದ ಗೆಣಸು, ತುಪ್ಪದಲ್ಲಿ ಹುರಿದ ಆಲೂಗಡ್ಡೆ, ಮೇಲೊಂದು ಲೋಟ ಹಾಲು. ಅವಳ ಅಪ್ಪನಂತೂ ಬೆಳಗ್ಗೆಯೇ ಎಲೆಯ ಮುಂದೆ ಕೂತು, "ಇವತ್ತು ಉಪವಾಸ ಕಣ್ರೇ, ಬೇಗ ಬಡಿಸಿ" ಎನ್ನುತ್ತಿದ್ದರು. ಅಂಥ ಮನೆಯಿಂದ ಬಂದ ಹುಡುಗಿ ಸೇರಿದ್ದು ಜೈನರ ಮನೆಯನ್ನು. ಅವಳು ಬಂದ ಮೇಲೆ ಅತ್ತೆ ಮಾಡಿದ ಮೊದಲ ಉಪವಾಸದ ದಿನ, ಪಾಪ, ಎಲ್ಲರಿಗಿಂತ ಮುಂಚೆ ಎದ್ದು ಗೆಣಸು ಬೇಯಿಸಿ, ಸಿಪ್ಪೆ ತೆಗೆದು, ತಟ್ಟೆಯಲ್ಲಿ ಚಂದವಾಗಿ ಜೋಡಿಸಿ ತಂದಿಟ್ಟಳು.

ಅತ್ತೆ ತಟ್ಟೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು.

"ಅಲ್ಲಮ್ಮಾ, ಮಣ್ಣೊಳಗೆ ಬೆಳೆದಿದ್ದನ್ನ ನಾವು ಬೇರೆ ದಿನಾನೇ ತಿನ್ನಲ್ಲ. ಕಿತ್ರೆ ಗಿಡದ ಜೀವ ಹೋಗುತ್ತೆ, ಬೇರಿಗೆ ಅಂಟಿಕೊಂಡ ಹುಳಹುಪ್ಪಟೇನೂ ಹೋಗುತ್ತೆ ಅಂತ. ನೀನು ಉಪವಾಸದ ದಿನವೇ ಹುಡುಕಿ ಹುಡುಕಿ ಅದನ್ನೇ ತಂದಿದ್ದೀಯಲ್ಲ!"

ಸೊಸೆಯ ಮುಖ ಸಣ್ಣದಾಯಿತು. ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆ ಮನೆಯ ಉಪವಾಸವೆಂದರೆ ಕಾಯಿಸಿ ಆರಿಸಿದ ನೀರು, ಅದೂ ಹೊತ್ತು ಮುಳುಗುವವರೆಗೆ ಮಾತ್ರ. ಆಮೇಲೆ ಅದೂ ಇಲ್ಲ ಎಂಬುದು ಸೊಸೆಗೆ ಆವತ್ತು ತಿಳಿಯಿತು.

ಹೀಗೆ ನಗುವ ಅತ್ತೆ ಎಂದು ಯಾರೂ ಅವರನ್ನು ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಬಟ್ಟೆ ಹೊಲಿಯುವ ಹೆಂಗಸು. ಕೊರಳಲ್ಲಿ ಸದಾ ಅಳತೆಯ ಟೇಪು. ಬೀದಿಯವರೆಲ್ಲ ಟೇಪಮ್ಮ ಎಂದೇ ಕರೆಯುತ್ತಿದ್ದರು. ಅವರ ಅಳತೆಗೆ ಮನುಷ್ಯರೂ ಸಿಗಬೇಕು. ಒಮ್ಮೆ ಅವರ ಒಡಹುಟ್ಟಿದ ಅಣ್ಣನ ಮನೆಯಲ್ಲಿ ಸಾರಿಗೆ ಬೆಳ್ಳುಳ್ಳಿ ಹಾಕಿ, ಕೇಳಿದರೆ "ಹಾಕಿಲ್ಲ" ಅಂದುಬಿಟ್ಟರು. ಆವತ್ತಿನಿಂದ ಟೇಪಮ್ಮ ಆ ಮನೆಗೆ ಹೋಗುತ್ತಾರೆ, ಕೂರುತ್ತಾರೆ, ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ನೀರು ಮಾತ್ರ ಮುಟ್ಟುವುದಿಲ್ಲ. "ಬೆಳ್ಳುಳ್ಳಿ ಹೊಟ್ಟೆಗೆ ಹೋಗಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ" ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ. ಹಿಡಿದರೆ ಉಡದ ಪಟ್ಟು, ಮಾರಾಯರೇ.

ಈ ವರ್ಷ ಸಾಲು ಉಪವಾಸದ ಹಬ್ಬದ ದಿನಗಳು ಹತ್ತಿರ ಬಂದಾಗ ಮನೆಯಲ್ಲಿ ಗಲಾಟೆಯೇ ಎದ್ದಿತು. ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಮಲಗಿದ್ದ ಅತ್ತೆ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಮಗ ರೈಲಿನ ಗಾರ್ಡು, ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲಿರುವುದಿಲ್ಲ. ಉಪವಾಸ ಬೇಡವೆಂಬ ಡಾಕ್ಟರರ ಮಾತನ್ನು ತಾಯಿಗೆ ಹೇಳಿ, ಹೇಳಿದ ತಪ್ಪಿಗೆ ಬೈಸಿಕೊಂಡು, ಡ್ಯೂಟಿಗೆ ಹೊರಟುಹೋದ. ಉಳಿದವಳು ಸೊಸೆ.

"ಹಬ್ಬದ ಅಷ್ಟೂ ದಿನ ಬರೀ ನೀರಿನ ಮೇಲೆ ಇರ್ತೀನಿ ಅಂತೀರಲ್ಲ ಅತ್ತೆ, ಒಂದೇ ದಿನ ಮಾಡಿ ಸಾಕು."

"ನಾನು ಒಟ್ಟಿಗೆ ಎಲ್ಲಿ ಹೊತ್ಕೋತೀನಿ? ದಿನಾ ಬೆಳಗ್ಗೆ ಎದ್ದು ಆ ದಿನದ್ದು ಮಾತ್ರ ನಿಯಮ ತಗೋತೀನಿ. ಆಗಲ್ಲ ಅನ್ನಿಸಿದ್ರೆ ಮಾರನೇ ದಿನ ತಗೊಳ್ಳಲ್ಲ."

"ನಿಮಗೆ ಯಾವತ್ತು ಆಗಲ್ಲ ಅನ್ನಿಸಿದೆ ಹೇಳಿ?"

"ಅದಕ್ಕೇ ಮಾಡ್ತೀನಿ" ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಮೊದಲ ದಿನಗಳು ಸಲೀಸಾಗಿ ಕಳೆದವು. ಬೆಳಗ್ಗೆ ಕೈಮುಗಿದು ನಿಯಮ ಹೇಳಿಕೊಳ್ಳುವುದು, ಮಷೀನಿನ ಮುಂದೆ ಕೂರುವುದು, ಮಧ್ಯೆ ಮಧ್ಯೆ ಗುಟುಕು ನೀರು. ನೆಂಟರು, ಗಿರಾಕಿಗಳು, ಅಕ್ಕಪಕ್ಕದವರು ಬಂದು ಆರೋಗ್ಯ ವಿಚಾರಿಸಿ, ಉಪವಾಸ ಮಾಡಿದವರ ಪುಣ್ಯದಲ್ಲಿ ಒಂದಿಷ್ಟು ತಮಗೂ ಸಿಗಲಿ ಎಂದು ಕಾಲು ಮುಟ್ಟಿ ಹೋಗುತ್ತಿದ್ದರು. ಸೊಸೆ ತನ್ನ ಊಟವನ್ನು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಒಗ್ಗರಣೆಯ ವಾಸನೆ ಹೊರಗೆ ಹೋಗದ ಹಾಗೆ, ಕಳ್ಳಿಯಂತೆ ಮುಗಿಸುತ್ತಿದ್ದಳು. "ಬಾಗಿಲು ತೆಗಿಯೇ, ನಿನ್ನ ಸಾರಿನ ವಾಸನೆಗೆ ಮುರಿದುಹೋಗೋ ಉಪವಾಸ ಅಲ್ಲ ನಂದು" ಎಂದು ಅತ್ತೆ ಹೊರಗಿನಿಂದ ಕೂಗುತ್ತಿದ್ದರು.

ಸೊಸೆ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಮನೆಗೆ ಬಂದುಹೋಗುವುದು ರೂಢಿ. ಒಂದು ಮಧ್ಯಾಹ್ನ ಬಂದಾಗ ಮಷೀನಿನ ಸದ್ದಿರಲಿಲ್ಲ. ಅತ್ತೆ ಹೊಲಿಯುತ್ತಿದ್ದ ಪರದೆಯ ಬಟ್ಟೆಯ ಮೇಲೆಯೇ ತಲೆಯಿಟ್ಟಿದ್ದರು. ನಿದ್ದೆ ಇರಬೇಕು ಎಂದುಕೊಂಡು ಹತ್ತಿರ ಹೋಗಿ ಮುಟ್ಟಿದರೆ ಹಣೆ ತಣ್ಣಗಿದೆ, ಬೆವರು ಸುರಿಯುತ್ತಿದೆ!

"ಅತ್ತೇ! ಅತ್ತೇ!"

ಉತ್ತರವಿಲ್ಲ. ಅವರನ್ನು ಎಳೆದು ಗೋಡೆಗೊರಗಿಸಿ ಕೂರಿಸಿದಳು, ಮುಖಕ್ಕೆ ನೀರು ಚಿಮುಕಿಸಿದಳು. ತುಟಿ ಅಲುಗಿತು, ಕಣ್ಣು ಬಿಡಲಿಲ್ಲ. ಅಷ್ಟೇ ಸಾಕಾಯಿತು. ಒಳಗೆ ಓಡಿ, ಬೆಚ್ಚಗಿನ ನೀರಿಗೆ ಕೈಗೆ ಸಿಕ್ಕಷ್ಟು ಸಕ್ಕರೆ ಸುರಿದು, ಕಲಕಿ ತಂದಳು. ಧರ್ಮ, ವ್ರತ, ನಿಯಮ ಯಾವುದೂ ಆಗ ಅವಳ ತಲೆಯಲ್ಲಿರಲಿಲ್ಲ. ಒಂದು ಚಮಚ ಹಾಕಿದಳು. ಗಂಟಲು ಅಲುಗಿತು. ಇನ್ನೊಂದು ಹಾಕಿದಳು. ಮತ್ತೊಂದು ಹಾಕಿದಳು. ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು.

"ಏನದು?"

ಬಾಯಿಗೆ ಬಂದದ್ದು ಸುಳ್ಳು. "ನೀರು ಅತ್ತೆ. ಕಾಯಿಸಿ ಆರಿಸಿದ್ದು."

"ಹೂಂ" ಎಂದರು ಅತ್ತೆ, ಮತ್ತೆ ಕಣ್ಣು ಮುಚ್ಚಿದರು.

ಸೊಸೆ ಲೋಟ ತೊಳೆದಳು, ಚಮಚ ತೊಳೆದಳು, ಸಕ್ಕರೆ ಡಬ್ಬಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು. ತಾನು ಮಾಡಿದ್ದೇನು? ಬದುಕಿಸಿದ್ದು ನಿಜ, ಅದರ ಬಗ್ಗೆ ಅವಳಿಗೆ ಇಷ್ಟೂ ಅನುಮಾನವಿರಲಿಲ್ಲ. ಆದರೆ ಉಪವಾಸ ಮುರಿದದ್ದೂ ನಿಜ, ಅದರ ಮೇಲೆ ಸುಳ್ಳು ಹೇಳಿದ್ದೂ ನಿಜ. ಬೆಳ್ಳುಳ್ಳಿಯ ಒಂದು ಸುಳ್ಳಿಗೆ ಅಣ್ಣನ ಮನೆಯ ನೀರು ಬಿಟ್ಟವರು ಇವರು. ಇನ್ನು ಒಂದೇ ಅಡುಗೆಮನೆಯಲ್ಲಿ, ಬೆಳಗಾದರೆ ಸಂಜೆಯಾದರೆ ತನ್ನ ಕೈಯಲ್ಲಿ ಉಣ್ಣುವವರು, ನಾಳೆ ಆ ಕೈಯನ್ನೇ ಬೇಡವೆಂದರೆ?

ಗಂಡನಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿ, "ಬದುಕಿಸಿದೆ ಮಾರಾಯ್ತಿ" ಎಂದು ನಿಟ್ಟುಸಿರು ಬಿಟ್ಟ. ಆಮೇಲೆ ತಕ್ಷಣ, "ಅಮ್ಮನ ಹತ್ರ ಮಾತ್ರ ಬಾಯಿ ಬಿಡಬೇಡ" ಎಂದ.

ಮಾರನೆಯ ಬೆಳಗ್ಗೆ ಅತ್ತೆ ಎಂದಿನಂತೆ ಎದ್ದರು. ಸೊಸೆ ಕಾಲು ಹಿಡಿದು ಬೇಡಿಕೊಂಡಳು: "ಇವತ್ತಾದ್ರೂ ಬಿಡಿ ಅತ್ತೆ." ಮಷೀನು ಮುಟ್ಟುವುದಿಲ್ಲ, ಮಲಗಿಯೇ ಇರುತ್ತೇನೆ ಎಂದು ಒಪ್ಪಿಕೊಂಡರೇ ಹೊರತು ಊಟಕ್ಕೆ ಒಪ್ಪಲಿಲ್ಲ. ಸೊಸೆ ಅಂಗಡಿಗೆ ರಜೆ ಹಾಕಿ ಪಕ್ಕದಲ್ಲೇ ಕೂತಳು. ಜನ ಬರುತ್ತಲೇ ಇದ್ದರು, ಕಾಲು ಮುಟ್ಟುತ್ತಲೇ ಇದ್ದರು. ಒಬ್ಬೊಬ್ಬರು ಬಗ್ಗಿದಾಗಲೂ ಸೊಸೆ ಮುಖ ಆಚೆ ತಿರುಗಿಸುತ್ತಿದ್ದಳು.

ಕೊನೆಯ ದಿನ ಆ ಮನೆಯವರಲ್ಲಿ ಒಂದು ರೂಢಿ. ವರ್ಷವಿಡೀ ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಒಬ್ಬರಿನ್ನೊಬ್ಬರ ಕ್ಷಮೆ ಕೇಳುವುದು. ಅತ್ತೆ ಬಂದವರೆಲ್ಲರಿಗೂ ಕೈಮುಗಿದರು. ಪರದೆ ತಡವಾಯಿತೆಂದು ಜಗಳವಾಡಿದ ಗಿರಾಕಿಗೂ ಮುಗಿದರು. ಸಂಜೆ ಸೊಸೆಯ ಮುಂದೆಯೂ ನಿಂತರು.

"ನಿನ್ನ ಮನಸ್ಸು ನೋಯಿಸಿದ್ರೆ ಕ್ಷಮಿಸಮ್ಮ." ಹೇಳಿದ ಮೇಲೂ ಮುಗಿದ ಕೈ ಇಳಿಸಲಿಲ್ಲ, ನೋಡುತ್ತಲೇ ನಿಂತರು.

ಹೇಳುವುದಾದರೆ ಅದೇ ಹೊತ್ತು. ಸೊಸೆ ಬಾಯಿ ತೆರೆದಳು. "ನನ್ನಿಂದ ತಪ್ಪಾಗಿದ್ರೆ ನೀವೂ ಕ್ಷಮಿಸಿ ಅತ್ತೆ" ಎಂದು ಒಂದೇ ಉಸಿರಿಗೆ ಒದರಿ, ಹಾಲು ಉಕ್ಕುತ್ತಿದೆ ಎಂದು ಒಳಗೆ ಓಡಿದಳು. ಒಲೆಯ ಮೇಲೆ ಹಾಲಿರಲಿಲ್ಲ. ಹೇಡಿ ಎಂದು ತನ್ನನ್ನೇ ಬೈದುಕೊಂಡು ಅಲ್ಲೇ ನಿಂತಳು.

ಮರುದಿನ ಬೆಳಗ್ಗೆ ಪಾರಣೆ. ಉಪವಾಸ ಮಾಡಿದವರು ತಾವಾಗಿ ಉಣ್ಣುವ ಹಾಗಿಲ್ಲ. ಮೊದಲ ಗುಟುಕನ್ನು ಇನ್ನೊಬ್ಬರು ಬಾಯಿಗೆ ಹಾಕಬೇಕು. ಅದಕ್ಕೆಂದೇ ದೂರದಿಂದ ಮಗಳು ಬಂದಿಳಿದಿದ್ದಳು. ಸೊಸೆಗೆ ನಾದಿನಿ, ವಯಸ್ಸಿನಲ್ಲಿ ದೊಡ್ಡವಳು. ಸೊಸೆ ಹೆಸರುಕಾಳು ಬೇಯಿಸಿದ ನೀರನ್ನು ಸೋಸಿ ಬಟ್ಟಲಿಗೆ ಹಾಕಿಕೊಟ್ಟಳು. ಮಣೆಯ ಮೇಲೆ ಅತ್ತೆ, ಸುತ್ತ ನೆಂಟರು, ಬೀದಿಯವರು. ನಾದಿನಿ ಚಮಚ ಎತ್ತಿದಳು.

"ಅಕ್ಕಾ, ಒಂದ್ನಿಮಿಷ ತಡೀರಿ!"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಸೊಸೆ, ಕೈಯಲ್ಲಿ ಇನ್ನೂ ಸೋಸುವ ಬಟ್ಟೆ.

"ಅತ್ತೆ ಉಪವಾಸ ಮುರಿದುಹೋಗಿದೆ. ಅವರಿಗೆ ಗೊತ್ತಿಲ್ಲ. ಆವತ್ತು ಎಚ್ಚರ ತಪ್ಪಿ ಬಿದ್ದಿದ್ರು, ನಾನೇ ಸಕ್ಕರೆ ನೀರು ಕುಡಿಸ್ದೆ. ಕೇಳಿದ್ದಕ್ಕೆ ಬರೀ ನೀರು ಅಂತ ಸುಳ್ಳು ಹೇಳ್ದೆ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. "ಜೀವ ಉಳಿಸಿದ್ದಕ್ಕೆ ನಾನು ಕ್ಷಮೆ ಕೇಳಲ್ಲ ಅತ್ತೆ. ಸುಳ್ಳಿಗೆ ಕೇಳ್ತೀನಿ."

"ಎಂಥ ಕೆಲಸ ಮಾಡಿದ್ಯೇ! ಇಷ್ಟು ದಿನ ಬಾಯಿ ಮುಚ್ಕೊಂಡು..." ನಾದಿನಿ ಸಿಡಿದಳು.

"ನೀನು ಸುಮ್ನಿರು" ಎಂದರು ಅತ್ತೆ. ಸೊಸೆಯ ಕಡೆ ತಿರುಗಿದರು. "ಎಷ್ಟು ಚಮಚ ಹಾಕ್ದೆ?"

"ಮೂರು."

"ಮೊದಲನೇದು ನಂಗೆ ಗೊತ್ತಾಗಲಿಲ್ಲ. ಎರಡನೇದು ನಾಲಿಗೆ ಮೇಲೆ ಬಿದ್ದಾಗ ಸಿಹಿ ಗೊತ್ತಾಯ್ತು. ಮೂರನೇದಕ್ಕೆ ನಾನೇ ಬಾಯಿ ತೆಗ್ದೆ."

ಅತ್ತೆ ಯಾರನ್ನೂ ನೋಡದೆ ಬಟ್ಟಲನ್ನೇ ನೋಡುತ್ತ ಮಾತಾಡಿದರು.

"ಹೆದರಿಕೆ ಆಯ್ತಮ್ಮ. ಸಾಯೋದು ಅಂದ್ರೆ ನಂಗೇನು ಅಂತಿದ್ದವಳು ನಾನು. ಆವತ್ತು ಬದುಕಬೇಕು ಅನ್ನಿಸ್ತು, ಬಾಯಿ ತೆಗ್ದೆ. ಮಾರನೇ ದಿನದಿಂದ ನಿಯಮ ತಗೊಂಡಿಲ್ಲ. ತುಟಿ ಅಲ್ಲಾಡಿಸ್ತಿದ್ದೆ, ಅಷ್ಟೇ. ಸುಮ್ನೆ ಹಸ್ಕೊಂಡಿದ್ದೆ. ಇವರೆಲ್ಲ ಬಂದು ಕಾಲು ಮುಟ್ತಿದ್ರೆ ನಾಚಿಕೆ ಬಿಟ್ಟು ಮುಟ್ಟಿಸ್ಕೊಂಡೆ. ನೀನು ಬಾಯಿ ಬಿಟ್ರೆ ನಂಗೂ ಬಿಡೋ ಧೈರ್ಯ ಬರುತ್ತೆ ಅಂತ ದಿನಾ ನಿನ್ನ ಮುಖ ನೋಡ್ತಿದ್ದೆ. ನೀನು ನೋಡಿದ್ರೆ ಇಲ್ಲದ ಹಾಲು ಉಕ್ಕಿಸ್ತೀಯ."

ಯಾರೋ ಕಿಸಕ್ಕನೆ ನಕ್ಕು, ನಗಬಾರದಿತ್ತೇನೋ ಎಂದು ಬಾಯಿಗೆ ಕೈ ಅಡ್ಡ ಹಿಡಿದರು. ಅತ್ತೆ ಬಂದವರತ್ತ ನೋಡಿದರು.

"ನಂದು ಪಾರಣೆ ಆವತ್ತೇ ಆಗಿಹೋಗಿದೆ, ಇವಳ ಕೈಯಿಂದ. ನೀವೆಲ್ಲ ತಡವಾಗಿ ಬಂದಿದ್ದೀರಿ. ತಿಂಡಿ ಮಾಡಿದಾಳೆ, ಹೊಟ್ಟೆ ತುಂಬ ತಿನ್ನಿ. ಕಾಲಿಗೆ ಮಾತ್ರ ಬೀಳಬೇಡಿ."

ನಾದಿನಿಯ ಕೈಯಲ್ಲಿ ಚಮಚ ಹಾಗೇ ಇತ್ತು. ಅವಳು ತಾಯಿಯ ಒಣಗಿದ ತುಟಿ ನೋಡಿದಳು, ಬಾಗಿಲಲ್ಲಿ ಮೂಗೊರೆಸಿಕೊಳ್ಳುತ್ತಿದ್ದವಳನ್ನು ನೋಡಿದಳು. ಎದ್ದು ಬಂದು, ಚಮಚ, ಬಟ್ಟಲು ಎರಡನ್ನೂ ಅವಳ ಕೈಗಿಟ್ಟಳು.

ಸೊಸೆ ಮಣೆಯ ಮುಂದೆ ಕೂತಳು. ಕಣ್ಣು ಮಂಜಾಗಿ ಚಮಚ ಎಲ್ಲಿದೆ, ಬಾಯಿ ಎಲ್ಲಿದೆ ಒಂದೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಅತ್ತೆಯೇ ಅವಳ ಮಣಿಕಟ್ಟು ಹಿಡಿದು, ಆ ಕೈಯನ್ನು ತಮ್ಮ ಬಾಯಿಯವರೆಗೆ ತಂದುಕೊಂಡು ಕುಡಿದರು.

"ಇನ್ನೂ ಹಾಕು" ಎಂದರು. "ತುಂಬ ಹಸಿದಿದ್ದೀನಿ."